ಬಿಸಿಲಿದ್ದೂ ಮೌನವಾಗುವ ತಾರಸಿ

ಕಾಮೋಠೆಯ ವಸತಿ ಕಟ್ಟಡಗಳ ತಾರಸಿಗಳಲ್ಲಿ ನೀರಿನ ಟ್ಯಾಂಕುಗಳ ಪಕ್ಕಕ್ಕೆ ಈಚೆಗೆ ಸೌರಫಲಕಗಳೂ ಬಂದು ನಿಲ್ಲುತ್ತಿವೆ. 2024ರ ಫೆಬ್ರವರಿಯಲ್ಲಿ ಆರಂಭವಾದ ‘ಪಿಎಂ ಸೂರ್ಯಘರ್’ ಯೋಜನೆಯ ಗುರಿ ಒಂದು ಕೋಟಿ ಮನೆಗಳು. ಸೊಸೈಟಿಯ ಸಭೆಯಲ್ಲಿ ಈ ಮಾತು ಬಂದಾಗ ಹಿರಿಯರೊಬ್ಬರು ಕೇಳಿದರು: “ಇನ್ನು ಕರೆಂಟು ಹೋದರೂ ಲಿಫ್ಟು ನಡೆಯುತ್ತದಲ್ಲವೇ?” ಬ್ಯಾಟರಿಯಿಲ್ಲದಿದ್ದರೆ ನಡೆಯದು ಎಂದಾಗ ಅವರಿಗೆ ನಿರಾಸೆಯಾಯಿತು. ತುಂಬಿದ ಕೆರೆಯ ದಂಡೆಯಲ್ಲಿ ಬಾಯಾರಿ ಕೂರುವುದು ಯಾರಿಗೆ ತಾನೆ ಹಿಡಿಸೀತು?

ಆದರೆ ಈ ಮೌನಕ್ಕೆ ಅರ್ಥವಿದೆ. ಇಂಥ ಇನ್ವರ್ಟರ್ ವಿತರಣಾ ಜಾಲದ ವೋಲ್ಟೇಜನ್ನೂ 50 ಹರ್ಟ್ಸ್ ಆವರ್ತನವನ್ನೂ ಅನುಸರಿಸಿಯೇ ವಿದ್ಯುತ್ ಕೊಡುತ್ತದೆ. ಶ್ರುತಿ ಹಿಡಿದು ಹಾಡುವವನಂತೆ. ಮಳೆಗಾಲದಲ್ಲಿ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಉಪಕೇಂದ್ರದ ಬ್ರೇಕರ್ ಆ ಮಾರ್ಗವನ್ನು ಕಡಿಯುತ್ತದೆ. ಆಗಲೂ ತಾರಸಿಗಳು ವಿದ್ಯುತ್ ಹರಿಸುತ್ತಿದ್ದರೆ ಆ ಭಾಗವೊಂದು ಜೀವಂತ ದ್ವೀಪವಾಗಿ ಉಳಿಯುತ್ತದೆ. ದೋಷದ ವೇಳೆಯಲ್ಲಿಯೂ ಇನ್ವರ್ಟರ್ ತನ್ನ ನಿಯತ ಪ್ರವಾಹಕ್ಕಿಂತ ತುಸುವಷ್ಟೇ ಹೆಚ್ಚು ಹರಿಸಬಲ್ಲದು. ಫ್ಯೂಸನ್ನು ಕರಗಿಸಲು ಅದು ಸಾಲದಿರಬಹುದು. ಜೀವ ತೆಗೆಯಲು ಅಷ್ಟು ಬೇಕಿಲ್ಲ. ಇಲ್ಲಿ ವಾಯರ್‌ಮನ್ ಎಂದೂ ನಮ್ಮೂರ ಕಡೆ ಲೈನ್‌ಮನ್ ಎಂದೂ ಕರೆಯಿಸಿಕೊಳ್ಳುವ ಆ ಮನುಷ್ಯ ಕಂಬ ಹತ್ತುವ ಮುನ್ನವೇ ಇನ್ವರ್ಟರ್ ತಾನಾಗಿ ಕಳಚಿಕೊಳ್ಳಬೇಕು. ದ್ವೀಪವಾದುದನ್ನು ಗುರುತಿಸಿ ಹಾಗೆ ಕಳಚಿಕೊಳ್ಳಲು ಅದಕ್ಕಿರುವ ಅವಧಿ ಎರಡು ಸೆಕೆಂಡು.

ಹಾಗೆಂದು ಪ್ರತಿಯೊಂದು ಅಲುಗಾಟಕ್ಕೂ ಎಲ್ಲರೂ ಕೈಬಿಟ್ಟು ಹೊರಟರೆ ಜಾಲವೇ ಕುಸಿಯುತ್ತದೆ. 2019ರ ಆಗಸ್ಟ್ 9ರಂದು ಇಂಗ್ಲೆಂಡಿನಲ್ಲಿ ಪ್ರಸರಣ ಮಾರ್ಗಕ್ಕೆ ಸಿಡಿಲು ಬಡಿದಾಗ ದೊಡ್ಡ ಸ್ಥಾವರಗಳ ಜೊತೆಗೆ ವಿತರಣಾ ಜಾಲದ ಅನೇಕ ಚಿಕ್ಕ ಉತ್ಪಾದಕಗಳೂ ಕಳಚಿಕೊಂಡವು. ಹತ್ತು ಲಕ್ಷಕ್ಕೂ ಹೆಚ್ಚು ಗ್ರಾಹಕರು ವಿದ್ಯುತ್ ಕಳೆದುಕೊಂಡರು. ಆದ್ದರಿಂದಲೇ ಹೊಸ ಮಾನದಂಡಗಳು ಕ್ಷಣಿಕ ಕುಸಿತವನ್ನು ತಾಳಿಕೊಂಡು ಜೊತೆಗಿರು, ಜಾಲವೇ ಇಲ್ಲವಾದಾಗ ಮಾತ್ರ ಬಿಟ್ಟುಬಿಡು ಎನ್ನುತ್ತವೆ. ಇವೆರಡನ್ನೂ ಕ್ಷಣಾರ್ಧದಲ್ಲಿ ಬೇರ್ಪಡಿಸಿ ತಿಳಿಯುವುದು ಯಂತ್ರಕ್ಕೂ ಸುಲಭವಲ್ಲ.

ಲಿಫ್ಟು ನಡೆಯಲೇಬೇಕೆಂದರೆ ಬ್ಯಾಟರಿಯೂ, ಮೊದಲು ಜಾಲದಿಂದ ಕಟ್ಟಡವನ್ನು ಬೇರ್ಪಡಿಸುವ ಸ್ವಿಚ್ಚೂ ಬೇಕು. ಅದಕ್ಕೆ ಖರ್ಚಿದೆ. ಆ ಖರ್ಚನ್ನು ಉಳಿಸಿದವರು ಕರೆಂಟಿಲ್ಲದ ಮಧ್ಯಾಹ್ನ ಮೆಟ್ಟಿಲು ಹತ್ತುವಾಗ, ಅದೇ ಹೊತ್ತಿಗೆ ಎಲ್ಲೋ ಕಂಬ ಹತ್ತುತ್ತಿರುವವನನ್ನೂ ನೆನೆಯಬಹುದು.