ಗುಡ್ಡದ ಕೆಳಗಿನ ಚೌಕಗಳು

ವಿದ್ಯಾರ್ಥಿಗಳೇ, ಗದಗಿನಿಂದ ಮುಂಡರಗಿಗೆ ಬಸ್ಸಿನಲ್ಲಿ ಹೋಗುವಾಗ ನೀವು ಕಪ್ಪತಗುಡ್ಡದ ಸಾಲನ್ನು ನೋಡಿರಬೇಕು. ಏರಿ, ಇಳಿದು, ಮತ್ತೆ ಏರುವ ಗೆರೆ ಅದು. ಅಂಥದೇ ಗೆರೆ ಬರೆಯುವ ಒಂದು ಯಂತ್ರವಿದೆ. ಅದರ ಹೆಸರು ಗ್ಯಾಸ್ ಕ್ರೊಮ್ಯಾಟೋಗ್ರಾಫ್. ಬೆರೆತ ವಸ್ತುಗಳನ್ನು ಬೇರ್ಪಡಿಸಿ, ಯಾವುದು ಎಷ್ಟಿದೆ ಎಂದು ತೋರಿಸುವುದು ಅದರ ಕೆಲಸ.

ಗದಗಿನ ತೋಂಟದಾರ್ಯ ಜಾತ್ರೆಯನ್ನು ನೆನಪು ಮಾಡಿಕೊಳ್ಳಿ. ಒಂದೇ ಬಸ್ಸಿನಿಂದ ಗೆಳೆಯರ ಎರಡು ಗುಂಪು ಇಳಿಯುತ್ತವೆ. ಒಂದು ಗುಂಪು ಮಿರ್ಚಿ ಅಂಗಡಿ, ಆಟಿಕೆ ಅಂಗಡಿ ಎಂದು ನಿಲ್ಲುತ್ತಾ ಸಾಗುತ್ತದೆ. ಇನ್ನೊಂದು ನೇರವಾಗಿ ನಡೆಯುತ್ತದೆ. ಬೀದಿಯ ಕೊನೆಯಲ್ಲಿ ನಿಂತವನಿಗೆ ಎರಡೂ ಗುಂಪು ಬೇರೆ ಬೇರೆ ಹೊತ್ತಿಗೆ ಸಿಗುತ್ತವೆ. ಯಂತ್ರದಲ್ಲಿ ಈ ಬೀದಿ ಎಂದರೆ ಬಿಸಿ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿದ ಕೊಳವೆ. ಆವಿಯಾದ ಮಿಶ್ರಣವನ್ನು ನೈಟ್ರೋಜನ್‌ನಂಥ ಅನಿಲ ತಳ್ಳಿಕೊಂಡು ಹೋಗುತ್ತದೆ. ಕೊಳವೆಯ ಒಳಗಿರುವ ವಸ್ತುವಿಗೆ ಹೆಚ್ಚು ಅಂಟಿಕೊಳ್ಳುವುದು ತಡವಾಗಿ ಹೊರಬರುತ್ತದೆ. ಕೊನೆಯಲ್ಲಿರುವ ಶೋಧಕವು ವಸ್ತು ಬಂದಾಗಲೆಲ್ಲ ವಿದ್ಯುತ್ ಸಂಕೇತವನ್ನು ಏರಿಸುತ್ತದೆ. ಅದೇ ಗೆರೆಯ ಮೇಲಿನ ಗುಡ್ಡ.

ಕೆಲವು ವರ್ಷಗಳ ಹಿಂದೆ ಗದಗ-ಬೆಟಗೇರಿಯ ಒಂದು ಕಾಲೇಜಿನಲ್ಲಿ ಇಂಥ ಹಳೆಯ ಯಂತ್ರವನ್ನು ಕಂಡೆ. ಪೆಟ್ಟಿಗೆ ಕಾಯುತ್ತಿತ್ತು, ಶೋಧಕದ ಜ್ವಾಲೆ ಹೊತ್ತುತ್ತಿತ್ತು. ಕಾಗದದ ಮೇಲೆ ಗೆರೆ ಬರೆಯುವ ಭಾಗ ಮಾತ್ರ ಸತ್ತಿತ್ತು. ಗಣಕಯಂತ್ರಕ್ಕೆ ಜೋಡಿಸುವ ಪೆಟ್ಟಿಗೆ ಮತ್ತು ತಂತ್ರಾಂಶಕ್ಕೆ ತರಿಸಿದ ದರಪಟ್ಟಿಯಲ್ಲಿ ಲಕ್ಷಕ್ಕೂ ಮೀರಿದ ಮೊತ್ತವಿತ್ತು. ಅಷ್ಟು ಹಣ ಅವರಲ್ಲಿರಲಿಲ್ಲ. "ಇನ್ನ ಗುಜರಿಗೆ ಹಾಕೋದ ರೀ ಸರ್" ಎಂದರು ಅಲ್ಲಿಯ ಗೆಳೆಯರು. ನನಗೆ ಸಂಕಟವಾಯಿತು. ಶಿರಹಟ್ಟಿ ಮತ್ತು ಲಕ್ಷ್ಮೇಶ್ವರದ ಏಳನೆಯ ತರಗತಿಯ ಮಕ್ಕಳಿಗೆ ಅದನ್ನು ತೋರಿಸುತ್ತೇನೆಂದು ಮಾತು ಕೊಟ್ಟಾಗಿತ್ತು.

ಆಗ ಎಂ.ಎಸ್ಸಿ. ಓದುವಾಗ ಕೇಳಿದ ಸಂಗತಿಯೊಂದು ನೆನಪಾಯಿತು. ಇಂಗ್ಲೆಂಡಿನ ಜೇಮ್ಸ್ ಮತ್ತು ಮಾರ್ಟಿನ್ 1952ರಲ್ಲಿ ಈ ವಿಧಾನವನ್ನು ಪ್ರಕಟಿಸಿದಾಗ ಪ್ರಯೋಗಾಲಯದ ಮೇಜಿನ ಮೇಲೆ ಗಣಕಯಂತ್ರ ಎಲ್ಲಿತ್ತು? ಮುಂದೆ ಎಷ್ಟೋ ವರ್ಷ ರಸಾಯನ ವಿಜ್ಞಾನಿಗಳು ಕಾಗದದ ಮೇಲಿನ ಗುಡ್ಡವನ್ನು ಕತ್ತರಿಯಿಂದ ಕತ್ತರಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗುತ್ತಿದ್ದರು! ಗುಡ್ಡದ ವಿಸ್ತೀರ್ಣ ಹೆಚ್ಚಿದ್ದಷ್ಟು ಕಾಗದದ ತೂಕ ಹೆಚ್ಚು. ಹಾಗಾದರೆ ತಂತ್ರಾಂಶ ಮಾಡುವುದೇನು? ಸಂಕೇತವನ್ನು ಅಂಕಿಗಳಾಗಿ ಬರೆದುಕೊಳ್ಳುತ್ತದೆ, ಆಮೇಲೆ ವಿಸ್ತೀರ್ಣ ಕೂಡಿಸುತ್ತದೆ. ಮುಖ್ಯ ಕೆಲಸ ಇಷ್ಟೇ. ಇದಕ್ಕೆ ಲಕ್ಷ ರೂಪಾಯಿ ಬೇಕೇ?

ಹುಡುಕಿದಾಗ ಸಿಕ್ಕದ್ದು ಎಕ್ಸ್‌ಪೈಸ್-17. ಹೊಸ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರ್ ಶಾಲಾ-ಕಾಲೇಜುಗಳ ಪ್ರಯೋಗಗಳಿಗಾಗಿ ರೂಪಿಸಿದ ಪುಟ್ಟ ಪೆಟ್ಟಿಗೆ ಅದು. ಬೆಲೆ ಕೆಲವು ಸಾವಿರ ರೂಪಾಯಿ. ಅದರ ತಂತ್ರಾಂಶ ಉಚಿತ, ಬೇಕಾದಂತೆ ತಿದ್ದಿಕೊಳ್ಳಲೂಬಹುದು. ಯಂತ್ರದ ಸಂಕೇತದ ತಂತಿಗಳನ್ನು ಅದಕ್ಕೆ ಜೋಡಿಸಿ, ಸೆಕೆಂಡಿಗೆ ಎರಡು ಸಲ ಅಳೆಯುವಂತೆ ಮಾಡಿದೆವು.

ಮೊದಲ ದಿನ ಸೋತೆವು. ದೊಡ್ಡ ಗುಡ್ಡ ಬಂತು, ಚಿಕ್ಕದು ಎರಡು ಮೆಟ್ಟಿಲಿನ ಕಟ್ಟೆಯಂತೆ ಕಂಡಿತು. ತಪ್ಪು ನನ್ನದೇ. ಆ ಪೆಟ್ಟಿಗೆ ತಾನು ಅಳೆಯುವ ವ್ಯಾಪ್ತಿಯನ್ನು 4096 ಮೆಟ್ಟಿಲುಗಳಾಗಿ ಭಾಗಿಸುತ್ತದೆ. ನಾನು ಇಟ್ಟಿದ್ದ ವ್ಯಾಪ್ತಿ -16ರಿಂದ +16 ವೋಲ್ಟ್, ಅಂದರೆ 32 ವೋಲ್ಟ್. ಭಾಗಿಸಿ ನೋಡಿ: ಒಂದು ಮೆಟ್ಟಿಲು ಸುಮಾರು 8 ಮಿಲಿವೋಲ್ಟ್. ನಮ್ಮ ಚಿಕ್ಕ ಗುಡ್ಡದ ಎತ್ತರವೇ 20 ಮಿಲಿವೋಲ್ಟ್! ವ್ಯಾಪ್ತಿಯನ್ನು -1ರಿಂದ +1 ವೋಲ್ಟ್‌ಗೆ ಇಳಿಸಿದಾಗ ಮೆಟ್ಟಿಲು ಅರ್ಧ ಮಿಲಿವೋಲ್ಟ್ ಆಯಿತು, ಅದೇ ಗುಡ್ಡಕ್ಕೆ 40 ಮೆಟ್ಟಿಲು ಸಿಕ್ಕವು.

ಮಕ್ಕಳು ಬಂದ ದಿನ ತೆರೆಯ ಮೇಲೆ ಗೆರೆ ಏರತೊಡಗಿದಾಗ ಯಾರೂ ಉಸಿರೆತ್ತಲಿಲ್ಲ. ಆ ಗೆರೆಯನ್ನು ಗ್ರಾಫ್ ಹಾಳೆಗೆ ಇಳಿಸಿ, ಗುಡ್ಡದ ಕೆಳಗಿನ ಚೌಕಗಳನ್ನು ಎಣಿಸಲು ಹೇಳಿದೆ. ಅರ್ಧಕ್ಕಿಂತ ಹೆಚ್ಚು ಒಳಗಿದ್ದರೆ ಒಂದು, ಕಡಿಮೆ ಇದ್ದರೆ ಸೊನ್ನೆ. ದೊಡ್ಡದಕ್ಕೆ 212, ಇನ್ನೊಂದಕ್ಕೆ 104 ಬಂತು. ಅದೇ ಅಂಕಿಗಳನ್ನು ಉಚಿತವಾಗಿ ಸಿಗುವ ಲಿಬ್ರೆ ಆಫೀಸ್‌ಗೆ ಹಾಕಿ ಕೂಡಿಸಿದಾಗ ಅಲ್ಲಿಯೂ ದೊಡ್ಡದು ಚಿಕ್ಕದರ ಎರಡರಷ್ಟರ ಹತ್ತಿರವೇ ಬಂತು. ಅಧಿಕೃತ ಪರೀಕ್ಷಾ ವರದಿ ಕೊಡುವ ಪ್ರಯೋಗಾಲಯಕ್ಕೆ ಈ ಏರ್ಪಾಡು ಸಾಲದು. ಅಲ್ಲಿ ಪ್ರತಿ ಅಳತೆಗೂ ದಾಖಲೆ ಬೇಕು. ಕಲಿಯುವವರಿಗೆ ಧಾರಾಳ ಸಾಕು.

ಹೊರಡುವ ಹೊತ್ತಿಗೆ ಲಕ್ಷ್ಮೇಶ್ವರದ ಹುಡುಗಿಯೊಬ್ಬಳು ಹಾಳೆ ಹಿಡಿದು ಬಂದಳು. "ಸರ್, ಎರಡು ಗುಡ್ಡ ಒಂದಕ್ಕೊಂದು ಕೂಡಿಕೊಂಡ್ರ ನಡುವಿನ ಚೌಕ ಯಾರ ಪಾಲಿಗೆ ಹೋಗ್ತಾವ್ರಿ?"

ದುಬಾರಿ ತಂತ್ರಾಂಶ ಹೆಚ್ಚು ಬೆವರುವುದು ಇಲ್ಲಿಯೇ. ಸುಲಭದ ದಾರಿ ಎಂದರೆ ನಡುವಿನ ತಗ್ಗಿನಿಂದ ಕೆಳಕ್ಕೆ ಒಂದು ಲಂಬರೇಖೆ ಎಳೆದು, ಆಚೆಯದು ಅವನಿಗೆ, ಈಚೆಯದು ಇವನಿಗೆ ಎಂದು ಹಂಚುವುದು. ಅದನ್ನೇ ಎಳೆದು ತೋರಿಸಿದೆ.

ಅವಳು ಗೆರೆಯನ್ನು ನೋಡಿ, "ಇದು ಖರೇ ಪಾಲು ಅಲ್ಲಲ್ರಿ ಸರ್" ಎಂದಳು.

ಅಲ್ಲ ಎಂದೆ. ಅವಳು ಹಾಳೆಯನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ ಹತ್ತಿದಳು.