ಮಜ್ಜಿಗೆ ಹುಳಿ ಒಡೆದ ದಿನ

ತಿಪಟೂರು ಸೀಮೆಯ ನಮ್ಮ ಮನೆಯಲ್ಲಿ ತೆಂಗಿಗಾಗಲಿ ಮೊಸರಿಗಾಗಲಿ ಎಂದೂ ಕೊರತೆಯಿರಲಿಲ್ಲ. ವಾರಕ್ಕೊಮ್ಮೆಯಾದರೂ ಮಜ್ಜಿಗೆ ಹುಳಿ ಆಗಲೇಬೇಕು. ಹೋಳು ಹೆಚ್ಚುವುದು, ಕಾಯಿ ತುರಿಯುವುದು ಓರಗಿತ್ತಿಯರಾದ ನಮ್ಮಿಬ್ಬರ ಪಾಲು. ಮೊಸರು ಬೆರೆಸುವ ಹೊತ್ತಿಗೆ ಒಲೆಯ ಮುಂದೆ ಅತ್ತೆಯವರೇ ನಿಲ್ಲುತ್ತಿದ್ದರು. ಮಾವನವರು ಹಿತ್ತಲಲ್ಲಿ ಬೂದುಗುಂಬಳದ ಬಳ್ಳಿ ಹಬ್ಬಿಸಿ, ಬಲಿತ ಕಾಯಿಗಳನ್ನು ಅಟ್ಟದ ಮೇಲೆ ಒಂದಕ್ಕೊಂದು ತಾಗದಂತೆ ಇಡುತ್ತಿದ್ದರು. ಚೆನ್ನಾಗಿ ಬಲಿತು ಮೈಮೇಲೆ ಬೂದಿ ಕೂತ ಕಾಯಿ ತಿಂಗಳುಗಟ್ಟಲೆ ಕೆಡುವುದಿಲ್ಲ.

ಮಾವನವರು ಲಿಂಗೈಕ್ಯರಾದ ಮೇಲೆ ನಾವು ಅತ್ತೆಯವರನ್ನು ಅಡುಗೆಮನೆಗೆ ಬರಗೊಡಲಿಲ್ಲ. "ನೀವು ಸುಮ್ಮನೆ ಕೂತಿರಿ ಅತ್ತೆ, ನಾವಿದ್ದೇವೆ" ಎಂದೆವು. ಅದೇ ಸೇವೆಯೆಂದು ನಮ್ಮ ಭಾವನೆ. ಅವರು ಪೂಜೆ ಮುಗಿಸಿ ನಡುಮನೆಯ ಕಂಬಕ್ಕೆ ಒರಗಿ ಕೂತರೆ ಸಂಜೆಯವರೆಗೂ ಮಾತಿಲ್ಲ. ನಾಲ್ಕು ತುತ್ತು ಉಂಡು ಕೈ ತೊಳೆಯುತ್ತಿದ್ದರು. ಎರಡೇ ತಿಂಗಳಲ್ಲಿ ಗುರುತು ಸಿಗದಷ್ಟು ಸೊರಗಿದರು.

ಅಟ್ಟದ ಮೇಲೆ ಮಾವನವರು ಇಟ್ಟಿದ್ದ ಕಾಯಿ ಒಂದೇ ಉಳಿದಿತ್ತು. ಅದರಲ್ಲಿ ಅರ್ಧದಿಂದ ಮಜ್ಜಿಗೆ ಹುಳಿ ಮಾಡಿದರೆ ಅತ್ತೆಯವರು ಎರಡು ತುತ್ತು ಹೆಚ್ಚು ಉಂಡಾರೆಂದು ಬಗೆದೆವು. ಆದರೆ ಆತುರದಲ್ಲಿ ಕಡಲೆಬೇಳೆ ನೆನೆಸುವುದನ್ನು ಮರೆತೆವು. ಕೊತಕೊತ ಕುದಿಯುವ ಹೋಳಿಗೆ ಹುಳಿಮೊಸರನ್ನು ಸುರಿದು ಉರಿಯನ್ನೂ ತಗ್ಗಿಸಲಿಲ್ಲ. ನೋಡುತ್ತಿದ್ದಂತೆಯೇ ನೀರು ಬೇರೆ, ಗಷ್ಟು ಬೇರೆಯಾಯಿತು. ಮಾವನವರ ಕೈಯ ಕೊನೆಯ ಕಾಯಿಯನ್ನು ಕೆಡಿಸಿದೆವೆಂದು ನಮಗೆ ಅಳುವೇ ಬಂದಿತು. ಯಾರಿಗೂ ಕಾಣದಂತೆ ಕಲಗಚ್ಚಿನ ಬಾನಿಗೆ ಸುರಿದುಬಿಡೋಣವೆಂದು ಪಾತ್ರೆ ಎತ್ತಿದೆವು.

"ಚೆಲ್ಲಬೇಡ್ರವ್ವಾ" ಎಂಬ ಧ್ವನಿ ಕೇಳಿಸಿತು. ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು. ಪಾತ್ರೆಯೊಳಗೆ ನೋಡಿ, "ಒಡೆದ ಮೊಸರು ಮತ್ತೆ ಕೂಡೋದಿಲ್ಲ ಕಣವ್ವಾ. ಆದರೆ ಉಣ್ಣೋಕೆ ಏನಡ್ಡಿ?" ಎಂದರು. ಅಂದು ಅದನ್ನೇ ಅನ್ನಕ್ಕೆ ಕಲಸಿಕೊಂಡು ತಟ್ಟೆ ಬರಿದಾಗುವವರೆಗೂ ಉಂಡರು.

ಮರುದಿನ ನಾವು ಕರೆಯುವ ಮೊದಲೇ ಒಲೆಯ ಮುಂದೆ ಬಂದು ನಿಂತರು. ಉಳಿದ ಕಾಯಿಯ ಸಿಪ್ಪೆ ತಿರುಳು ತೆಗೆಸಿ, ಅರ್ಧ ಕಿಲೋ ಹೋಳಿಗೆ ಅರಿಸಿನ, ಉಪ್ಪು, ಸ್ವಲ್ಪವೇ ನೀರು ಹಾಕಿ ಬೇಯಿಸಿದರು. 1 ಗಂಟೆ ನೆನೆದ 2 ಚಮಚ ಕಡಲೆಬೇಳೆ, ಅರ್ಧ ತೆಂಗಿನಕಾಯಿಯ ತುರಿ, 5 ಹಸಿಮೆಣಸಿನಕಾಯಿ, 1 ಚಮಚ ಜೀರಿಗೆ, ಶುಂಠಿಯ ಚೂರು, ಕೊತ್ತಂಬರಿ ಸೊಪ್ಪು ಇವನ್ನು ನುಣ್ಣಗೆ ರುಬ್ಬಿಸಿ ಬೆರೆಸಿ, ಬೇಳೆಯ ಹಸಿವಾಸನೆ ಹೋಗುವಷ್ಟು ಕುದಿಸಿದರು. ಬಳಿಕ ಉರಿಯನ್ನು ಪೂರ್ತಿ ತಗ್ಗಿಸಿ, ಹೆಚ್ಚು ಹುಳಿಯಿಲ್ಲದ ಅರ್ಧ ಲೀಟರ್ ಮೊಸರನ್ನು ಕಡೆದು, ಸೌಟಾಡಿಸುತ್ತಲೇ ಹೊಯ್ದರು. ಅಂಚಿನಲ್ಲಿ ನೊರೆ ಕಾಣುತ್ತಲೇ ಇಳಿಸಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟರು.

ಇದರ ಕಾರಣವನ್ನು ನಾವು ಆಮೇಲೆ ತಿಳಿದೆವು. ಮೊಸರಿನ ಪ್ರೋಟೀನು ಜೋರು ಉರಿ ತಗುಲಿದೊಡನೆ ಬಿಗಿದು ಗಂಟುಗಟ್ಟಿ ನೀರನ್ನು ಹೊರದೂಡುತ್ತದೆ. ಕಡಲೆಬೇಳೆಯ ಪಿಷ್ಟ ನಡುವೆ ಸೇರಿ ಅದನ್ನು ತಡೆಯುತ್ತದೆ. ತಮಿಳುನಾಡಿನ ಮೋರ್ ಕುಳಂಬಾಗಲಿ, ಕೇರಳದ ಮೋರು ಕರಿಯಾಗಲಿ, ಮೊಸರು ಬಿದ್ದ ಮೇಲೆ ಉರಿಯ ಬಗ್ಗೆ ಇದೇ ಎಚ್ಚರ ಬೇಕು. ಅತ್ತೆಯವರಿಗೆ ಈ ವಿವರ ತಿಳಿಯದು. ಅವರ ಕೈಗೆ ಹದ ತಿಳಿದಿತ್ತು.

ಆ ಕೈಯನ್ನು ನಾವು ಎರಡು ತಿಂಗಳು ಸುಮ್ಮನೆ ಕೂರಿಸಿದ್ದೆವು! ಕಾಯಕವನ್ನು ಪೂಜೆಯೆಂದು ತಿಳಿದ ಮನೆತನದಲ್ಲಿ, ದುಃಖದಲ್ಲಿದ್ದ ಹಿರಿಯರಿಂದ ಕಾಯಕವನ್ನೇ ಕಸಿದುಕೊಂಡಿದ್ದೆವು. ನಮ್ಮ ಹುಳಿ ಒಡೆಯದಿದ್ದರೆ ಈ ತಪ್ಪು ನಮಗೆ ಇನ್ನೆಷ್ಟು ದಿನಕ್ಕೆ ಅರಿವಾಗುತ್ತಿತ್ತೋ! ಮನೆಯಲ್ಲಿ ಮೌನವಾಗಿ ಕುಳಿತ ಹಿರಿಯರಿದ್ದರೆ, ತಟ್ಟೆಯನ್ನು ಅವರ ಮುಂದಿಡುವ ಮೊದಲು ಒಮ್ಮೆ ಸೌಟನ್ನು ಅವರ ಕೈಗೆ ಕೊಟ್ಟು ನೋಡಿರೆಂದು ಸಹೋದರಿಯರಲ್ಲಿ ನಮ್ಮ ವಿನಂತಿ.

ಅಂದು ತಿರುಳಿನಿಂದ ಬಿಡಿಸಿದ ಬೀಜಗಳನ್ನು ಅತ್ತೆಯವರು ಒಲೆಯ ಬೂದಿಯಲ್ಲಿ ಹೊರಳಿಸಿ ಒಣಗಿಸಿದರು. ಮಳೆ ಬಿದ್ದ ಮೇಲೆ ಹಿತ್ತಲಲ್ಲಿ ತಾವೇ ಊರಿದರು.