ಬಿಬವೇವಾಡಿಯ ಏರಿನಲ್ಲಿ

ಮಾರ್ಕೆಟ್ ಯಾರ್ಡ್ ಹಿಂದೆ ಬಿದ್ದೊಡನೆ ಬಿಬವೇವಾಡಿಯ ಏರು ಮೊದಲಾಗುತ್ತದೆ. ಮೇಲೆ 1983ರಲ್ಲಿ ಹುಟ್ಟಿದ ವಿಶ್ವಕರ್ಮ ಇಂಜಿನಿಯರಿಂಗ್ ಸಂಸ್ಥೆ. ಅದರ ಸಮೀಪವೇ ತಂಗಿಯ ಮನೆ. ಕಳೆದ ಜೂನಿನಲ್ಲಿ ಹೋದಾಗ ಅವಳ ಮಗಳ ಕಾಲೇಜು ಪಟ್ಟಿಯಲ್ಲಿ ಎರಡೇ ಹೆಸರು: ಈ ವಿಶ್ವಕರ್ಮ, ಮತ್ತು 1854ರ ಪುಣೆ ಇಂಜಿನಿಯರಿಂಗ್ ಕಾಲೇಜು.

“ಎರಡೂ ತಪ್ಪಿದರೆ?”

“ಹುಬ್ಬಳ್ಳಿ ಇದೆಯಲ್ಲ, ಮಾಮಾ!”

ಇರುವುದೇನೋ ನಿಜ. ಆದರೆ ಹೊರನಾಡಿನಲ್ಲಿ ಓದಿದವರಿಗೆ ಕರ್ನಾಟಕದ ಸರಕಾರಿ ಸೀಟಿಗೆ ನಿಬಂಧನೆಗಳುಂಟು. ಎಲ್ಲರಿಗೂ ತೆರೆದ ಕಾಮೆಡ್‌ಕೆ ಪರೀಕ್ಷೆ ಮೇ ತಿಂಗಳಲ್ಲೇ ಮುಗಿದಿತ್ತು, ಅರ್ಜಿ ಹಾಕಿರಲಿಲ್ಲ. ಹುಡುಗಿಯ ಮುಖ ಬಾಡಿತು.

ಆ ರಾತ್ರಿ ಪಟ್ಟಿ ಬೆಳೆಯಿತು. ಮೇಲೆ ಮನದಾಸೆಯವು, ನಡುವೆ ಹಿಂದಿನ ವರ್ಷದ ಕಟ್‌ಆಫ್‌ಗೆ ಹೊಂದುವವು, ಕೆಳಗೆ ಖಚಿತವಾಗಿ ದೊರೆಯುವವು, ಅವೂ ಸಂತೋಷದಿಂದ ಹೋಗುವಂಥವೇ. ಮಹಾರಾಷ್ಟ್ರದ ಮೊದಲ ಸುತ್ತಿನಲ್ಲಿ ಮೊದಲ ಹೆಸರೇ ದೊರೆತರೆ ಅದೇ ಗಟ್ಟಿ. ಆದುದರಿಂದ ಭಯಪಟ್ಟು ಸುಲಭದ್ದನ್ನು ಮೇಲೆ ಬರೆಯಬಾರದು.

ಊರ ಹಾದಿಯೂ ಪಟ್ಟಿಯಲ್ಲಿರಬೇಕಾದರೆ, ವಾಚಕರೇ, ಮಾವು ಹೂ ಬಿಡುವಾಗಲೇ ಅರ್ಜಿಯ ಯೋಚನೆ ಮಾಡಿರಿ.